ಮೂರನೇ ಅಡ್ಡರಸ್ತೆಗೆ ಹವಾಲ್ದಾರರ ಹೆಸರು

ಪ್ರಶ್ನೆ: ಮೈಸೂರಿನ ಬೋಗಾದಿ ಕಡೆಯ ಬಡಾವಣೆಯೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಸವಾಗಿದ್ದೇನೆ. ನಮ್ಮದು ಮೂರನೇ ಅಡ್ಡರಸ್ತೆ, ಒಟ್ಟು ನಲವತ್ತಾರು ಮನೆಗಳು. ಸೇನೆಯ ಮದ್ರಾಸ್ ಸ್ಯಾಪರ್ಸ್ ದಳದಲ್ಲಿ ಹವಾಲ್ದಾರರಾಗಿದ್ದು 1971ರ ಯುದ್ಧದಲ್ಲಿ ಭಾಗವಹಿಸಿದ್ದ ಹಿರಿಯರೊಬ್ಬರು ಈ ರಸ್ತೆಯಲ್ಲಿ ಮೊದಲು ಮನೆ ಕಟ್ಟಿದವರು. ಬೀದಿದೀಪ, ನೀರಿನ ಸಂಪರ್ಕ, ಸಾಲುಮರ ಎಲ್ಲಕ್ಕೂ ಓಡಾಡಿದವರು ಅವರೇ. ಹೋದ ವರ್ಷ ತೀರಿಕೊಂಡರು. ರಸ್ತೆಗೆ ಅವರ ಹೆಸರಿಡಬೇಕೆಂದು ಹಲವರ ಆಸೆ. ನಿವಾಸಿಗಳ ಸಂಘದ ಕೆಲವರು, ಅಡ್ಡರಸ್ತೆ ಏಕೆ, ದೊಡ್ಡ ಮುಖ್ಯರಸ್ತೆಗೇ ಇಡೋಣ ಎನ್ನುತ್ತಾರೆ. ಎರಡು ಮನೆಯವರು ಆಧಾರ್, ಖಾತೆ ಎಲ್ಲವನ್ನೂ ಬದಲಿಸಬೇಕಾಗುತ್ತದೆ ಎಂದು ಒಪ್ಪುತ್ತಿಲ್ಲ. ಇನ್ನೊಬ್ಬರು, ಅವರೇನು ಯುದ್ಧದಲ್ಲಿ ಮಡಿದವರೇ ಎಂದು ಕೇಳಿಬಿಟ್ಟರು. ಅರ್ಜಿ ಯಾರಿಗೆ ಕೊಡಬೇಕು, ಹೇಗೆ ಮುಂದುವರಿಯಬೇಕು?

ಉತ್ತರ: ಅರ್ಜಿ ಯಾರಿಗೆ ಎಂಬುದು ನಿಮ್ಮ ಪತ್ರದ ಅತ್ಯಂತ ಸುಲಭದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮುಖ್ಯರಸ್ತೆಯ ಆಸೆ ಬಿಡಿ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆಗೆ ಅಧಿಕೃತ ಹೆಸರು ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ರಸ್ತೆ. 1949ರ ಜನವರಿ 15ರಂದು ಭಾರತದ ಸೇನೆಯ ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡ ಮೊದಲ ಭಾರತೀಯ ಅವರು. ಇಂದಿಗೂ ಸೇನಾ ದಿನ ಎಂದು ಆಚರಿಸುವುದು ಆ ದಿನವನ್ನೇ. ಪಕ್ಕದ ರಿಚ್ಮಂಡ್ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿದೆ. ಕೊಡಗು ಕೊಟ್ಟ ಇಬ್ಬರು ಮಹಾ ಸೇನಾನಿಗಳು ಸೇರಿಯೂ, ಎಂದೋ ಊರು ಬಿಟ್ಟುಹೋದ ಬ್ರಿಟಿಷ್ ರೆಸಿಡೆಂಟನನ್ನು ಜನರ ನಾಲಗೆಯಿಂದ ಇಳಿಸಲು ಆಗಿಲ್ಲ. ಆಟೋದವರಿಗೆ ‘ಕಾರ್ಯಪ್ಪ ರಸ್ತೆ’ ಎಂದು ಹೇಳಿ ನೋಡಿ, ಯಾವ ಬಡಾವಣೆಯಲ್ಲಿ ಬರುತ್ತದೆ ಸಾರ್ ಎಂದು ಕೇಳುತ್ತಾರೆ. ಅಷ್ಟು ದೂರವೇಕೆ, ನಮ್ಮ ಅರಮನೆಯ ಮಗ್ಗುಲಲ್ಲೇ ಜಯಚಾಮರಾಜೇಂದ್ರ ಒಡೆಯರ್ ವೃತ್ತವಿದೆ. ಒಡೆಯರ ಪ್ರತಿಮೆಯೇ ಅಲ್ಲಿ ನಿಂತಿದೆ. ಆದರೂ ಅದು ಹಳೆಯ ಮೈಸೂರಿಗರ ಬಾಯಲ್ಲಿ ಇನ್ನೂ ಹಾರ್ಡಿಂಜ್ ಸರ್ಕಲ್ಲೇ. ಮಹಾರಾಜರಿಗೇ ಬಿಟ್ಟುಕೊಡದ ಜಾಗವನ್ನು ಹಳೆಯ ಹೆಸರು ನಿಮ್ಮ ಹವಾಲ್ದಾರರಿಗೆ ಬಿಟ್ಟುಕೊಡುತ್ತದೆಯೇ?

ಮುಖ್ಯರಸ್ತೆಗಳಲ್ಲಿ ಇನ್ನೊಂದು ತೊಡಕಿದೆ. ಹಳೆಯ ಹೆಸರಿಗೂ ವಾರಸುದಾರರಿರುತ್ತಾರೆ. 2024ರ ಡಿಸೆಂಬರಿನಲ್ಲಿ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಪ್ರಸ್ತಾವದ ಬಗ್ಗೆ ನಗರಪಾಲಿಕೆ ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟಿತು. ಹಾಲಿ ಮುಖ್ಯಮಂತ್ರಿಯ ಹೆಸರೇ ಎಂದು ಕೆಲವರು ತಕರಾರು ಮಾಡಿದರು. ಜಿಲ್ಲೆಯ ಆಸ್ಪತ್ರೆಗಳಿಗೆ ಅವರು ಮಾಡಿದ ಕೆಲಸಕ್ಕೆ ಸಲ್ಲುವ ಗೌರವ ಎಂದು ಇನ್ನು ಕೆಲವರು ಸಮರ್ಥಿಸಿದರು. ಆ ಜಗಳದ ತೀರ್ಪು ನನ್ನ ಕೆಲಸವಲ್ಲ. ನಿಮಗೆ ಉಪಯೋಗಕ್ಕೆ ಬರುವುದು ಅದರ ನಡುವೆ ಎದ್ದ ಮೂರನೆಯ ಮಾತು: ಆ ರಸ್ತೆಗೆ ಹಿಂದಿನಿಂದಲೂ ಪ್ರಿನ್ಸೆಸ್ ರಸ್ತೆ ಎಂಬ ಹೆಸರಿದೆ, ಅದನ್ನು ಅಳಿಸಬೇಡಿ ಎಂಬುದು. ಆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು. ಕ್ಷಯರೋಗಕ್ಕೆ ಬಲಿಯಾದ ಅವರ ನೆನಪಿಗೆ ಕಟ್ಟಿಸಿದ ಕ್ಷಯರೋಗ ಆಸ್ಪತ್ರೆಯೂ ಅದೇ ರಸ್ತೆಯಲ್ಲಿದೆ. ಅಲ್ಲಿಯವರೆಗೆ ದಿನವೂ ಆ ದಾರಿಯಲ್ಲಿ ಓಡಾಡುತ್ತಿದ್ದ ಎಷ್ಟೋ ಮಂದಿಗೆ ಅದೇಕೆ ಪ್ರಿನ್ಸೆಸ್ ರಸ್ತೆ ಎಂಬುದೇ ಗೊತ್ತಿರಲಿಲ್ಲ. ಹೆಸರಿಗೆ ಕೈ ಹಾಕಿದಾಗ ಗೊತ್ತಾಯಿತು.

ನಿಮ್ಮ ಅಡ್ಡರಸ್ತೆಗೆ ಈ ಯಾವ ಬಾಧೆಯೂ ಇಲ್ಲ. ‘ಮೂರನೇ’ ಎಂಬುದು ಬರೀ ಎಣಿಕೆ, ಅದರ ಪರವಾಗಿ ಕಣ್ಣೀರು ಹಾಕುವವರಿಲ್ಲ. ಯಲಹಂಕದಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ ಇದೆ, 2008ರ ಮುಂಬಯಿ ದಾಳಿಯಲ್ಲಿ ಮಡಿದ ಕಮಾಂಡೋ ಅಧಿಕಾರಿಯ ನೆನಪಿಗೆ. ಅದು ಅಂಗಡಿಯ ಫಲಕದಲ್ಲಿ, ವಿಳಾಸದಲ್ಲಿ, ಮಾತಿನಲ್ಲಿ ಚೆನ್ನಾಗಿಯೇ ಕೂತಿದೆ. ಆ ಯೋಧನ ಹೆಸರನ್ನು ದೇಶವೇ ಬಲ್ಲದು ಎಂಬುದು ಒಂದು ಕಾರಣ. ಅಳಿಸಬೇಕಾದ ನೂರು ವರ್ಷದ ಹೆಸರು ಅಲ್ಲಿರಲಿಲ್ಲ ಎಂಬುದು ಇನ್ನೊಂದು. ನಿಮ್ಮ ಹವಾಲ್ದಾರರನ್ನು ದೇಶ ಬಲ್ಲದು ಎನ್ನಲಾಗದು, ಆದರೆ ನಲವತ್ತಾರು ಮನೆಗಳು ಬಲ್ಲವು. ಅವರನ್ನು ಬಲ್ಲವರು ಇರುವ ರಸ್ತೆಗೇ ಅವರ ಹೆಸರಿರಲಿ.

ಆದರೆ ಸಂಖ್ಯೆಯನ್ನು ಕಿತ್ತುಹಾಕಬೇಡಿ. ಅರ್ಜಿಯಲ್ಲಿ ‘ಮೂರನೇ ಅಡ್ಡರಸ್ತೆಯ ಬದಲಿಗೆ’ ಎಂದು ಬರೆಯದೆ ‘ಮೂರನೇ ಅಡ್ಡರಸ್ತೆಗೆ’ ಎಂದು ಬರೆಯಿರಿ. ಫಲಕದಲ್ಲಿ ಮೇಲೆ ಹೆಸರು, ಕೆಳಗೆ ಸಣ್ಣಕ್ಷರದಲ್ಲಿ ‘3ನೇ ಅಡ್ಡರಸ್ತೆ’ ಇರಲಿ. ಎರಡನೆಯದಾದ ಮೇಲೆ ನಾಲ್ಕನೆಯದು ಬಂದರೆ ಕೊರಿಯರ್ ಹುಡುಗ ಬಿಸಿಲಲ್ಲಿ ಸುತ್ತುತ್ತಾನೆ, ರಾತ್ರಿ ಆಂಬುಲೆನ್ಸ್ ತಡಕಾಡುತ್ತದೆ. ಇದೊಂದು ಪದದ ಬದಲಾವಣೆಯಿಂದ ಒಪ್ಪದ ಆ ಎರಡು ಮನೆಯವರ ಅರ್ಧ ಭಯವೂ ಇಳಿಯುತ್ತದೆ.

ಉಳಿದರ್ಧದ ಬಗ್ಗೆ ಅವರಿಗೆ ಹೀಗೆ ತಿಳಿಸಿ. ಪಾಲಿಕೆಯ ಲೆಕ್ಕದಲ್ಲಿ ಅವರ ಮನೆಯನ್ನು ಗುರುತಿಸುವುದು ಆಸ್ತಿಯ ಸಂಖ್ಯೆ. ಕ್ರಯಪತ್ರದಲ್ಲಿ ನಿವೇಶನದ ಸಂಖ್ಯೆ, ಅಳತೆ, ಚೆಕ್ಕುಬಂದಿ ಇರುತ್ತವೆ. ಚೆಕ್ಕುಬಂದಿಯಲ್ಲಿ ಹೆಚ್ಚಾಗಿ ‘ಪೂರ್ವಕ್ಕೆ ರಸ್ತೆ’ ಎಂದಷ್ಟೇ ಇರುತ್ತದೆ, ಅದು ಯಾರ ಹೆಸರಿನ ರಸ್ತೆ ಎಂಬುದು ಅಲ್ಲಿ ಮುಖ್ಯವಲ್ಲ. ವಿದ್ಯುತ್ ಬಿಲ್ಲಿಗೆ ಆರ್.ಆರ್. ಸಂಖ್ಯೆ ಆಧಾರ. ಪಿನ್ ಕೋಡ್ ಅಂಚೆ ಇಲಾಖೆಯದು, ರಸ್ತೆಯ ಹೆಸರಿಗೆ ಅದು ಕದಲುವುದಿಲ್ಲ. ರಸ್ತೆಗೆ ಹೊಸ ಹೆಸರು ಬಂತೆಂದು ಹಳೆಯ ಆಧಾರ್, ಹಳೆಯ ಪಾಸ್‌ಪೋರ್ಟ್ ಅಮಾನ್ಯವಾಗುವುದಿಲ್ಲ. ಮುಂದೆಂದಾದರೂ ಬೇರೆ ಕಾರಣಕ್ಕೆ ತಿದ್ದುಪಡಿ ಮಾಡಿಸುವಾಗ ಹೊಸ ಹೆಸರನ್ನು ಸೇರಿಸಿಕೊಂಡರಾಯಿತು. ಸಂಖ್ಯೆ ಉಳಿದಿದ್ದರೆ ಅದರ ಅಗತ್ಯವೂ ಬೀಳದು.

ಈಗ ‘ಯುದ್ಧದಲ್ಲಿ ಮಡಿದವರೇ’ ಎಂದು ಕೇಳಿದವರಿಗೆ ಉತ್ತರ. ಅವರ ಮೇಲೆ ಸಿಟ್ಟು ಬೇಡ. ನಾವೇ ಪತ್ರಿಕೆಗಳಲ್ಲಿ, ಫ್ಲೆಕ್ಸ್‌ಗಳಲ್ಲಿ ‘ಹುತಾತ್ಮ’ ಎಂಬ ಪದವನ್ನು ಅಷ್ಟು ಬಳಸಿ, ಸೈನಿಕನಿಗೆ ಗೌರವ ಬೇಕಾದರೆ ಆತ ಸತ್ತೇ ಬರಬೇಕು ಎಂಬಂತೆ ಮಾಡಿಟ್ಟಿದ್ದೇವೆ. ರಕ್ಷಣಾ ಸಚಿವಾಲಯವಂತೂ ‘ಹುತಾತ್ಮ’ ಎಂಬುದು ತನ್ನ ಅಧಿಕೃತ ಪದವೇ ಅಲ್ಲ ಎಂದು ಸ್ಪಷ್ಟಪಡಿಸಿದೆ. ರಸ್ತೆಗೆ ಹೆಸರಿಡಲು ಆ ವ್ಯಕ್ತಿ ಯುದ್ಧದಲ್ಲಿ ಮಡಿದಿರಬೇಕೆಂಬ ಕಾನೂನು ಎಲ್ಲಿಯೂ ಇಲ್ಲ. ಬದುಕಿರುವವರ ಹೆಸರು ಬೇಡ ಎಂಬುದು ಒಳ್ಳೆಯ ರೂಢಿ, ನಿಮ್ಮ ವಿಷಯದಲ್ಲಿ ಆ ಪ್ರಶ್ನೆಯೂ ಏಳುವುದಿಲ್ಲ.

ಆದರೆ ಆ ಆಕ್ಷೇಪಣೆಯಲ್ಲಿ ಒಂದು ಎಚ್ಚರಿಕೆಯಿದೆ. ಅದಕ್ಕೆ ಹೆದರಿ ನೀವು ಅರ್ಜಿಯಲ್ಲಿ ಅವರ ಸಾಹಸವನ್ನು ಊದಿಸಲು ಹೋಗುತ್ತೀರಿ. ನಾನು ಮೂವತ್ತು ವರ್ಷ ಸ್ಥಳೀಯ ಸಂಸ್ಥೆಗಳ ಕೌನ್ಸಿಲ್ ಶಾಖೆಗಳಲ್ಲಿ ಕಾರ್ಯಸೂಚಿ ಬರೆದವನು. ಒಮ್ಮೆ ಮಾಜಿ ಸೈನಿಕರೊಬ್ಬರ ಹೆಸರಿನ ಪ್ರಸ್ತಾವ ಬಂತು. ಮನೆಯವರು ‘ಸ್ಟಾರ್ ಬಂದಿದೆ’ ಎಂದರು. ವಾರ್ಡಿನ ಮುಖಂಡರ ಬಾಯಲ್ಲಿ ಅದು ‘ಶೌರ್ಯ ಪದಕ’ವಾಯಿತು. ನಮ್ಮ ಶಾಖೆಯ ಮೇಜಿಗೆ ಬರುವಷ್ಟರಲ್ಲಿ ‘ವೀರಚಕ್ರ’ ಆಗಿತ್ತು. ಟಿಪ್ಪಣಿ ಬರೆದವನು ನಾನೇ, ಪರಿಶೀಲಿಸದೆ ಬರೆದೆ. ಮಂಡಳಿ ಮೇಜು ತಟ್ಟಿ ಒಪ್ಪಿತು, ಫಲಕಕ್ಕೆ ಬಣ್ಣವೂ ಬಿತ್ತು. ಒಂದು ತಿಂಗಳಾಗಿರಲಿಲ್ಲ, ನಿವೃತ್ತ ಸುಬೇದಾರರೊಬ್ಬರು ಕಚೇರಿಗೆ ಬಂದು ಬಹಳ ಮೆತ್ತಗೆ, ವೀರಚಕ್ರ ಪ್ರಕಟವಾದ ಭಾರತ ಸರ್ಕಾರದ ಗೆಜೆಟ್ಟಿನ ದಿನಾಂಕ ಕೊಡುತ್ತೀರಾ ಎಂದು ಕೇಳಿದರು. ಕೊಡಲು ಎಲ್ಲಿತ್ತು? ಆ ಸೈನಿಕರಿಗೆ ಸಿಕ್ಕಿದ್ದು ಪೂರ್ವಿ ಸ್ಟಾರ್, 1971ರಲ್ಲಿ ಪೂರ್ವ ರಣಾಂಗಣದಲ್ಲಿ ಸೇವೆ ಸಲ್ಲಿಸಿದವರಿಗೆ ಕೊಟ್ಟ ಪದಕ. ನಿರ್ಣಯ ತಿದ್ದಬೇಕಾಯಿತು, ಫಲಕ ಇಳಿಯಿತು. ನಿಜವಾಗಿ ಯುದ್ಧಭೂಮಿಯಲ್ಲಿದ್ದು ಬಂದ ಆ ಮನುಷ್ಯ, ತಾವು ಹೇಳದ ಸುಳ್ಳಿಗಾಗಿ ಸತ್ತ ಮೇಲೆ ಊರಿನ ಬಾಯಿಗೆ ಬಿದ್ದರು. ಅವರ ಮಡದಿ ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದ ಬಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದ್ದರಿಂದ ಪದಕಗಳ ವ್ಯವಹಾರವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರಚಕ್ರ ಇವು ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಸಲ್ಲುವಂಥವು. ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಯುದ್ಧಭೂಮಿಯಿಂದ ಆಚೆಗಿನ ಶೌರ್ಯಕ್ಕೆ. ಇವೆಲ್ಲ ಹೆಸರು ಸಮೇತ ಗೆಜೆಟ್ಟಿನಲ್ಲಿ ಪ್ರಕಟವಾಗುತ್ತವೆ, ಬಾಯಿಮಾತಿನ ಅಗತ್ಯವಿಲ್ಲ. ಎರಡನೆಯ ಬಗೆ, ಒಂದು ಯುದ್ಧದಲ್ಲಿ ಅಥವಾ ಒಂದು ಪ್ರದೇಶದಲ್ಲಿ ಸೇವೆಯಲ್ಲಿದ್ದುದಕ್ಕೆ ಕೊಡುವ ಪದಕಗಳು. 1965ಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 1971ಕ್ಕೆ ಪೂರ್ವ ರಂಗದವರಿಗೆ ಪೂರ್ವಿ ಸ್ಟಾರ್, ಪಶ್ಚಿಮ ರಂಗದವರಿಗೆ ಪಶ್ಚಿಮಿ ಸ್ಟಾರ್, ಇನ್ನೂ ವ್ಯಾಪಕವಾಗಿ ಸಂಗ್ರಾಮ್ ಪದಕ. ಇವುಗಳ ಜೊತೆಗೆ ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ಪದಕ, ದೀರ್ಘ ಸೇವೆಯ ಪದಕ ಹೀಗೆ ಎದೆಯ ತುಂಬ ರಿಬ್ಬನ್ನುಗಳಿರುತ್ತವೆ. ಗೋಡೆಯ ಫೋಟೋ ನೋಡಿದವರಿಗೆ ಎಲ್ಲವೂ ಒಂದೇ.

ನಿಮ್ಮ ಹವಾಲ್ದಾರರಿಗೆ ಪೂರ್ವಿಯೋ ಪಶ್ಚಿಮಿಯೋ ಇದ್ದರೆ ಅದನ್ನು ಹಾಗೆಯೇ ಬರೆಯಿರಿ. ಅದು ಸಣ್ಣ ಮಾತಲ್ಲ. ಮದ್ರಾಸ್ ಸ್ಯಾಪರ್ಸ್ ಎಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್, 1780ರಷ್ಟು ಹಿಂದಿನ ಹುಟ್ಟು, ಕೇಂದ್ರ ಬೆಂಗಳೂರಿನಲ್ಲಿ. ಸೇನೆಯಲ್ಲಿ ಇವರನ್ನು ಪ್ರೀತಿಯಿಂದ ‘ತಂಬಿ’ಗಳು ಎನ್ನುತ್ತಾರೆ, ಕನ್ನಡದ ತಂಬಿಗಳೂ ಧಾರಾಳವಾಗಿದ್ದಾರೆ. ಸ್ಯಾಪರ್‌ನ ಕೆಲಸ ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲಬಾಂಬ್ ತೆಗೆಯುವುದು. 1971ರ ಡಿಸೆಂಬರಿನಲ್ಲಿ ಶಕರ್‌ಗಢ ವಲಯದ ಬಸಂತರ್ ನದಿಯ ಬಳಿ ನಮ್ಮ ಟ್ಯಾಂಕುಗಳು ಮುನ್ನುಗ್ಗಿದ್ದನ್ನು ಎಲ್ಲರೂ ಹೇಳುತ್ತಾರೆ. ಆ ಟ್ಯಾಂಕುಗಳಿಗೆ ಮೊದಲು ನೆಲಬಾಂಬುಗಳ ನಡುವೆ ದಾರಿ ತೆರವು ಮಾಡಿಕೊಟ್ಟವರು ಎಂಜಿನಿಯರ್ ದಳದವರು. ಇವರ ಕೆಲಸ ಮುಗಿದ ಮೇಲೆ ಉಳಿದವರ ಕೆಲಸ ಶುರು. ನಿಮ್ಮ ಹವಾಲ್ದಾರರು ಅಲ್ಲಿಯೇ ಇದ್ದರೆಂದು ನಾನು ಹೇಳುತ್ತಿಲ್ಲ, ನೀವೂ ದಾಖಲೆಯಿಲ್ಲದೆ ಹೇಳಬೇಡಿ. ಆದರೆ ಸೇನೆಯಲ್ಲಿ ದಾರಿ ಮಾಡುವ ದಳದಲ್ಲಿದ್ದವರ ಹೆಸರು ಒಂದು ದಾರಿಗೆ ಬರುವುದು ನನಗಂತೂ ಬಹಳ ಹಿಡಿಸಿತು.

ದಾಖಲೆ ಎಲ್ಲಿ ಸಿಗುತ್ತದೆ? ಮೊದಲು ಅವರ ಮನೆಯ ಕಬ್ಬಿಣದ ಟ್ರಂಕಿನಲ್ಲಿ. ನಿವೃತ್ತಿಯ ದಿನ ಕೊಟ್ಟ ಡಿಸ್ಚಾರ್ಜ್ ಬುಕ್ ಇರುತ್ತದೆ. ಸೇರಿದ ದಿನ, ಬಿಟ್ಟ ದಿನ, ಕೊನೆಯ ದರ್ಜೆ, ಪದಕಗಳು ಅದರಲ್ಲಿ ನಮೂದಾಗಿರುತ್ತವೆ. ಪಿಂಚಣಿ ಪಾವತಿಯ ಆದೇಶ, ಅಂದರೆ ಪಿಪಿಒ, ಇರುತ್ತದೆ, ದರ್ಜೆ ಮತ್ತು ಸೇನಾ ಸಂಖ್ಯೆ ಅಲ್ಲಿಯೂ ಸಿಗುತ್ತವೆ. ಪುಸ್ತಕ ಕಳೆದಿದ್ದರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೈಸೂರಿನ ಕಚೇರಿಗೆ ಹೋಗಿ. ಮಾಜಿ ಸೈನಿಕರ ಮತ್ತು ಅವರ ವಿಧವೆಯರ ಗುರುತಿನ ಚೀಟಿಗೆ ಅಲ್ಲಿ ನೋಂದಣಿ ಇರುತ್ತದೆ. ಅದೂ ಆಗದಿದ್ದರೆ ದಳದ ದಾಖಲೆ ಕಚೇರಿಗೆ ಪತ್ರ. ಆದರೆ ಆ ಪತ್ರವನ್ನು ಸಂಘದ ಅಧ್ಯಕ್ಷರ ಹೆಸರಿನಲ್ಲಿ ಬರೆಯಬೇಡಿ. ಒಬ್ಬ ಸೈನಿಕನ ವೈಯಕ್ತಿಕ ಸೇವಾ ವಿವರವನ್ನು ಹೊರಗಿನವರಿಗೆ ಕೊಡುವುದಿಲ್ಲ, ಮಾಹಿತಿ ಹಕ್ಕಿನಲ್ಲಿ ಕೇಳಿದರೂ ನಿರಾಕರಿಸಲು ಅವಕಾಶವಿದೆ. ಪತ್ನಿ ಅಥವಾ ಮಕ್ಕಳು ಕೇಳಿದರೆ ಮಾತು ಬೇರೆ. ಅವರಿಂದಲೇ ಬರೆಸಿ.

ಅಂದ ಹಾಗೆ, ಮಂಡ್ಯದ ಓದುಗರೂ ಇಂಥದೇ ಪ್ರಶ್ನೆ ಕೇಳುತ್ತಿರುತ್ತಾರೆ. 2019ರ ಫೆಬ್ರವರಿ 14ರ ಪುಲ್ವಾಮಾ ದಾಳಿಯಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧ ಗುರು ಮಡಿದ ಮೇಲಂತೂ ಊರೂರಿನಲ್ಲಿ ಆ ಮಾತು ಬಂತು. ಅವರು ಸಿಆರ್‌ಪಿಎಫ್‌ನವರು. ಅದು ಕೇಂದ್ರ ಗೃಹ ಸಚಿವಾಲಯದ ಅಡಿಯ ಪಡೆ, ರಕ್ಷಣಾ ಸಚಿವಾಲಯದ್ದಲ್ಲ. ಗಡಿ ಭದ್ರತಾ ಪಡೆಯೂ ಹಾಗೆಯೇ. ಇಂಥವರ ವಿಷಯದಲ್ಲಿ ಪ್ರಮಾಣಪತ್ರ ಆಯಾ ಪಡೆಯ ಕಚೇರಿಯಿಂದಲೇ ಬರಬೇಕು. ಗೌರವದಲ್ಲಿ ಹೆಚ್ಚು ಕಡಿಮೆ ಏನಿಲ್ಲ, ಪತ್ರ ಹೋಗಬೇಕಾದ ವಿಳಾಸ ಬೇರೆ ಅಷ್ಟೇ.

ಈಗ ಅರ್ಜಿ. ಬೋಗಾದಿ ಕಡೆ ಎಂದಿದ್ದೀರಿ, ಹಾಗಾಗಿ ಮೊದಲು ನಿಮ್ಮ ರಸ್ತೆ ಯಾರದು ಎಂದು ಖಚಿತ ಮಾಡಿಕೊಳ್ಳಿ. ಆ ಭಾಗದಲ್ಲಿ ಕೆಲವು ಬಡಾವಣೆಗಳು ನಗರಪಾಲಿಕೆಗೆ ಸೇರಿದ್ದರೆ ಕೆಲವು ಬೋಗಾದಿ ಪಟ್ಟಣ ಪಂಚಾಯಿತಿ ಎಂದು ಪ್ರತ್ಯೇಕವಾಗಿದ್ದ ಸಂಸ್ಥೆಯ ವ್ಯಾಪ್ತಿಗೆ ಬಂದಂಥವು. ಇವನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಕೆಲಸ ಬೇರೆ ನಡೆದಿದೆ. ಇನ್ನು ಕೆಲವು ಖಾಸಗಿ ಬಡಾವಣೆಗಳ ರಸ್ತೆಗಳು ಪ್ರಾಧಿಕಾರದಿಂದ, ಅಂದರೆ ನಾವು ಮುಡಾ ಎಂದೇ ಕರೆದು ರೂಢಿಯಾದ ಸಂಸ್ಥೆಯಿಂದ, ಸ್ಥಳೀಯ ಸಂಸ್ಥೆಗೆ ಹಸ್ತಾಂತರವೇ ಆಗಿರುವುದಿಲ್ಲ. ಹಸ್ತಾಂತರವಾಗದ ರಸ್ತೆಗೆ ಪಾಲಿಕೆ ಹೆಸರಿಡಲು ಹೋಗುವುದಿಲ್ಲ, ಹೋದರೂ ಮೇಲಿನವರು ಕಡತವನ್ನು ಹಿಂದಕ್ಕೆ ಕಳಿಸುತ್ತಾರೆ. ಪತ್ತೆ ಹಚ್ಚಲು ಸುಲಭದ ದಾರಿ: ಕಳೆದ ವರ್ಷ ನೀವು ಆಸ್ತಿ ತೆರಿಗೆ ಯಾರಿಗೆ ಕಟ್ಟಿದಿರಿ? ರಸೀದಿಯ ತಲೆಯ ಮೇಲೆ ಹೆಸರಿದೆ. ಅದಾದ ಮೇಲೆ ಅದೇ ಕಚೇರಿಯ ಎಂಜಿನಿಯರ್ ಒಬ್ಬರನ್ನು, ಈ ರಸ್ತೆಗೆ ಡಾಂಬರು ಹಾಕುವವರು ನೀವೇ ತಾನೆ ಎಂದು ಕೇಳಿಬಿಡಿ. ಹೌದು ಎಂದರೆ ನಿಮ್ಮ ಅರ್ಜಿಯೂ ಅಲ್ಲಿಗೇ.

ಪಾಲಿಕೆಗಳಿಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 1964ರ ಪೌರಸಭೆಗಳ ಕಾಯ್ದೆ. ಪಾಲಿಕೆಯ ವಿಷಯದಲ್ಲಿ ರಸ್ತೆಗೆ ಹೆಸರಿಡುವ ಅಧಿಕಾರ ಮಂಡಳಿಯದು, ಅದಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಕಾರ್ಪೊರೇಟರ್ ಒಬ್ಬರೇ ಕೊಡಲು ಬರುವುದಿಲ್ಲ, ಶಾಸಕರೂ ಶಿಫಾರಸು ಮಾಡಬಹುದಷ್ಟೇ. ಮಂಡಳಿ ಇಲ್ಲದ ಕಾಲದಲ್ಲಿ ಅದರ ಅಧಿಕಾರವನ್ನು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಚಲಾಯಿಸುತ್ತಾರೆ. ಮೈಸೂರಿನಲ್ಲಿ 2023ರ ನವೆಂಬರಿನಲ್ಲಿ ಮಂಡಳಿಯ ಅವಧಿ ಮುಗಿದ ಮೇಲೆ ಆದದ್ದು ಅದೇ. ಇದರಿಂದ ನಿಮಗೆ ಲಾಭವೂ ಇದೆ, ನಷ್ಟವೂ ಇದೆ. ಸಭೆಯ ಗದ್ದಲವಿಲ್ಲದೆ ಕಡತ ಬೇಗ ಸಾಗಬಹುದು. ಆದರೆ ಕಡತದ ಬೆನ್ನು ಹತ್ತುವ ವಾರ್ಡಿನ ಸದಸ್ಯರೇ ಇರುವುದಿಲ್ಲ, ನೀವೇ ಹೋಗಿ ಕೇಳುತ್ತಿರಬೇಕು.

ಆಯುಕ್ತರಿಗೆ ಅರ್ಜಿ, ವಲಯ ಕಚೇರಿಗೆ ಪ್ರತಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ವಲಯ ಕಚೇರಿಯವರು ಸ್ಥಳ ನೋಡಿ ವರದಿ ಕೊಡುತ್ತಾರೆ: ರಸ್ತೆ ಎಲ್ಲಿಂದ ಎಲ್ಲಿಗೆ, ಈಗಿರುವ ಹೆಸರೇನು, ಅದೇ ಹೆಸರಿನ ರಸ್ತೆ ಊರಿನಲ್ಲಿ ಬೇರೆಡೆ ಇದೆಯೇ ಎಂದು. ‘ಎಲ್ಲಿಂದ ಎಲ್ಲಿಗೆ’ ಎಂಬುದನ್ನು ನೀವೇ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು, ಕೈಯಲ್ಲಿ ಬಿಡಿಸಿದ ಒಂದು ನಕ್ಷೆ ಲಗತ್ತಿಸಿ. ‘ಇಂಥ ಉದ್ಯಾನದ ಮೂಲೆಯಿಂದ ಇಂಥ ಮುಖ್ಯರಸ್ತೆ ಸೇರುವವರೆಗೆ’ ಎಂದಿರಲಿ. ಎಷ್ಟೋ ಅರ್ಜಿಗಳು ವರ್ಷಗಟ್ಟಲೆ ಕೊಳೆಯುವುದು ವಿರೋಧದಿಂದಲ್ಲ, ರಸ್ತೆ ಎಲ್ಲಿ ಮುಗಿಯುತ್ತದೆ ಎಂದು ಯಾರೂ ಬರೆಯದೆ ಇರುವುದರಿಂದ. ವರದಿಯಾದ ಮೇಲೆ ವಿಷಯ ಮಂಡಳಿಗೆ ಅಥವಾ ಆಡಳಿತಾಧಿಕಾರಿಗೆ, ನಂತರ ಪತ್ರಿಕೆಯಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಸಾಮಾನ್ಯವಾಗಿ ಮೂವತ್ತು ದಿನ, ಆಮೇಲೆ ಬೆಂಗಳೂರಿಗೆ, ನಗರಾಭಿವೃದ್ಧಿ ಇಲಾಖೆಗೆ. ಚುನಾವಣೆಯ ನೀತಿಸಂಹಿತೆ ನಡುವೆ ಬಂದರೆ ಎಲ್ಲವೂ ಅಲ್ಲಲ್ಲೇ ನಿಲ್ಲುತ್ತದೆ. ವರ್ಷದೊಳಗೆ ಮುಗಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಎಂದುಕೊಳ್ಳಿ.

ಪ್ರಕಟಣೆಗೆ ಕಾಯದೆ ಮನೆ ಮನೆಗೆ ಹೋಗಿ ಒಪ್ಪಿಗೆಯ ಸಹಿ ಪಡೆಯಿರಿ. ಬಾಡಿಗೆಯವರದ್ದೂ ಬೇಕು, ವಿಳಾಸ ಬರೆಯುವವರು ಅವರೂ ಹೌದಲ್ಲ. ಒಪ್ಪದವರಿಂದಲೂ ‘ಈ ಕಾರಣಕ್ಕೆ ಒಪ್ಪುವುದಿಲ್ಲ’ ಎಂದು ಬರೆಸಿಕೊಂಡು ಅದನ್ನೇ ಅರ್ಜಿಗೆ ಸೇರಿಸಿ. ಇದೇನು ವಿಚಿತ್ರ ಸಲಹೆ ಎನಿಸಬಹುದು. ಅಧಿಕಾರಿಗಳಿಗೆ ನಲವತ್ತಾರಕ್ಕೆ ನಲವತ್ತಾರು ಸಹಿ ಕಂಡರೆ ಅನುಮಾನ, ನಲವತ್ತನಾಲ್ಕು ಸಹಿ ಮತ್ತು ಎರಡು ಆಕ್ಷೇಪಣೆ ಕಂಡರೆ ನಂಬಿಕೆ. ಕಾರಣ ಬರೆಯಲು ಕೂತವರು ಎಷ್ಟೋ ಸಲ ಬರೆಯದೆ ಒಪ್ಪಿಬಿಡುವುದೂ ಉಂಟು. ಹೆಸರಿನ ಹಿಂದೆ ಜಾತಿ ಹುಡುಕುವವರೂ ಬರುತ್ತಾರೆ, ಅದು ನಮ್ಮ ಕಡೆ ಹೊಸದಲ್ಲ. ಅಂಥವರ ಜೊತೆ ವಾದಕ್ಕೆ ಇಳಿಯದೆ, ಬೀದಿದೀಪಕ್ಕೆ ಅವರು ಬರೆದ ಅರ್ಜಿಗಳ ಪ್ರತಿಯನ್ನು ಮುಂದಿಡಿ. ಆ ದೀಪ ಎಲ್ಲರ ಮನೆಯ ಮುಂದೆಯೂ ಉರಿಯುತ್ತಿದೆ.

ಹೆಸರನ್ನು ಹೇಗೆ ಬರೆಯಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೆ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಅದೇ. ನಮ್ಮ ಊರಿನ ನಾಲಗೆಗೆ ಉದ್ದದ ಹೆಸರು ಆಗದು. ಝಾನ್ಸಿ ಲಕ್ಷ್ಮೀಬಾಯಿ ರಸ್ತೆ ಜೆಎಲ್‌ಬಿ ಆಯಿತು. ಆ ಮೂರು ಅಕ್ಷರಗಳಲ್ಲಿ ಕುದುರೆಯೂ ಇಲ್ಲ, ಕತ್ತಿಯೂ ಇಲ್ಲ. ಬೆಂಗಳೂರು-ನೀಲಗಿರಿ ರಸ್ತೆ ಬಿ.ಎನ್. ಆಯಿತು. ದೇವರಾಜ ಅರಸು ರಸ್ತೆ ಮಾತ್ರ ಅರಸು ರಸ್ತೆಯಾಗಿ ಮಾನ ಉಳಿಸಿಕೊಂಡಿತು, ಏಕೆಂದರೆ ಬಾಯಿಗೆ ಸುಲಭವಾದ ಪದವೊಂದು ಅದರೊಳಗೇ ಇತ್ತು. ನೀವೂ ಹಾಗೆಯೇ ಯೋಚಿಸಿ. ‘ದಿವಂಗತ ಶ್ರೀ’ ಬೇಡ, ಊರಿನ ಹೆಸರು, ತಂದೆಯ ಹೆಸರು, ‘ನಿವೃತ್ತ’, ‘ವೀರಯೋಧ’ ಯಾವುದೂ ಬೇಡ. ‘ಹವಾಲ್ದಾರ್’ ಎಂಬುದನ್ನು ಮಾತ್ರ ಬಿಡಬೇಡಿ. ಮುಂದೆ ಹವಾಲ್ದಾರ್, ಹಿಂದೆ ಅವರನ್ನು ಎಲ್ಲರೂ ಕರೆಯುತ್ತಿದ್ದ ಹೆಸರು, ಅಷ್ಟು ಸಾಕು. ಜನ ಅದನ್ನು ಮೊಟಕು ಮಾಡಿಯೇ ಮಾಡುತ್ತಾರೆ. ಮಾಡಿದರೆ ‘ಹವಾಲ್ದಾರ್ ರಸ್ತೆ’ ಎಂದಾಗುತ್ತದೆ. ಮೊಟಕಾದ ಮೇಲೂ ಅವರು ಅಲ್ಲಿಯೇ ಇರುತ್ತಾರೆ. ಮೈಸೂರಿನಲ್ಲಿ ದಿವಾನರ ರಸ್ತೆ ಇದೆ, ರಾಜರ ಹೆಸರಿನ ರಸ್ತೆಗಳು ಬೇಕಾದಷ್ಟಿವೆ. ಒಂದು ಹವಾಲ್ದಾರರದ್ದೂ ಇರಲಿ.

ಫಲಕದಲ್ಲಿ ಹೆಸರಿನ ಕೆಳಗೆ ಒಂದೇ ಸಾಲು ವಿವರ ಹಾಕಿಸಿ: ಯಾವ ದಳ, ಯಾವ ವರ್ಷದಿಂದ ಯಾವ ವರ್ಷದವರೆಗೆ ಸೇವೆ. ಕಾರಣ ಹೇಳುತ್ತೇನೆ. ರಾಮಸ್ವಾಮಿ ವೃತ್ತದಲ್ಲಿ ದಿನವೂ ಸಾವಿರಾರು ಜನ ಸಿಗ್ನಲ್‌ಗೆ ಕಾಯುತ್ತಾರೆ. ಆ ರಾಮಸ್ವಾಮಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ, 1947ರ ಸೆಪ್ಟೆಂಬರಿನಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ. ಕಾಯುತ್ತಿರುವವರಲ್ಲಿ ಹತ್ತು ಮಂದಿಯನ್ನು ಕೇಳಿ, ಎಷ್ಟು ಜನ ಹೇಳುತ್ತಾರೆ ನೋಡಿ. ಅಂಥ ಹೆಸರಿಗೇ ಈ ಗತಿಯಾದರೆ ನಿಮ್ಮ ರಸ್ತೆಗೆ ಆ ಒಂದು ಸಾಲು ಬೇಕೇ ಬೇಕು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಗೌರವ ಉಪಸ್ಥಿತಿ ಇವೆಲ್ಲ ಫಲಕದ ಮೇಲೆ ಬರದಂತೆ ಮೊದಲೇ ಮಾತಾಡಿಕೊಳ್ಳಿ. ಗೌರವ ಪಡೆಯಬೇಕಾದವರ ಹೆಸರನ್ನು ಭೂತಕನ್ನಡಿ ಹಿಡಿದು ಹುಡುಕಬೇಕಾದ ಫಲಕಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಸಂಘದಲ್ಲಿ ಯಾರಾದರೂ ಕಮಾನು, ಎದೆಮಟ್ಟದ ಪ್ರತಿಮೆ ಎಂದು ಶುರು ಮಾಡಿದರೆ ಅಲ್ಲಿಗೇ ನಿಲ್ಲಿಸಿ. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ಸ್ಥಾಪಿಸಲು, ಕಟ್ಟಡ ಕಟ್ಟಲು ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶಿಸಿದೆ. ಪ್ರತಿಮೆಯ ಮಾತು ಅರ್ಜಿಯಲ್ಲಿ ಸೇರಿತೆಂದರೆ ಹೆಸರಿನ ಕಡತವೂ ಅದರ ಜೊತೆ ಮುಳುಗುತ್ತದೆ. ಹಾಗೆಯೇ, ಆದೇಶ ಬರುವ ಮೊದಲು ರಾತ್ರೋರಾತ್ರಿ ಫಲಕ ನೆಡುವ ಹುಮ್ಮಸ್ಸಿನ ಹುಡುಗರಿದ್ದರೆ ಅವರನ್ನೂ ಹಿಡಿದುಕೊಳ್ಳಿ. ಅನುಮತಿಯಿಲ್ಲದ ಫಲಕವನ್ನು ಪಾಲಿಕೆಯವರು ಕಿತ್ತುಕೊಂಡು ಹೋಗಿ ಲಾರಿಯಲ್ಲಿ ಎಸೆಯುವಾಗ ಅದರ ಮೇಲೆ ಹವಾಲ್ದಾರರ ಹೆಸರಿರುತ್ತದೆ.

ಕಾಯುವ ಈ ಅವಧಿಯಲ್ಲಿ ಏನಾದರೂ ಮಾಡಲೇಬೇಕೆಂದಿದ್ದರೆ, ಅವರ ಮನೆಯ ಕಾಂಪೌಂಡಿನ ಗೋಡೆಗೆ, ಮನೆಯವರು ಒಪ್ಪಿದರೆ, ಒಂದು ಸಣ್ಣ ಕಲ್ಲಿನ ಫಲಕ ಹಾಕಿಸಬಹುದು. ಸ್ವಂತ ಗೋಡೆಗೆ ಯಾರ ನಿರ್ಣಯವೂ ಬೇಕಿಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಅವರ ಹೆಸರಿನ ದತ್ತಿ ಬಹುಮಾನವನ್ನೂ ಇಡಬಹುದು. ಅವರು ನೆಟ್ಟ ಸಾಲುಮರಗಳಿಗೆ ಈ ಬೇಸಿಗೆಯಲ್ಲಿ ನೀರು ಹಾಕುವವರು ಯಾರು ಎಂಬುದನ್ನೂ ಸಂಘದ ಸಭೆಯಲ್ಲಿ ಒಮ್ಮೆ ಕೇಳಿಬಿಡಿ.

ನಿಮ್ಮ ಪತ್ರದಲ್ಲಿ ಅವರ ಶ್ರೀಮತಿಯವರ ವಿಷಯ ಎಲ್ಲಿಯೂ ಬಂದಿಲ್ಲ. ಇದ್ದಾರೋ ಇಲ್ಲವೋ ಬರೆದಿಲ್ಲ. ಇದ್ದರೆ, ಸಹಿ ಸಂಗ್ರಹಕ್ಕೆ ಹೊರಡುವ ಮೊದಲು, ಅರ್ಜಿಯ ಕರಡು ಬರೆಯುವುದಕ್ಕೂ ಮೊದಲು ಅವರ ಮನೆಗೆ ಹೋಗಿ. ಸಂಘದ ಎಲ್ಲರೂ ಹೋಗಬೇಡಿ, ಇಬ್ಬರು ಸಾಕು. ಗಂಡನ ಹೆಸರು ದಿನವೂ ಬೀದಿಯಲ್ಲಿ ಕೇಳಿಬರುವುದು ಕೆಲವರಿಗೆ ಸಮಾಧಾನ, ಕೆಲವರಿಗೆ ಸಂಕಟ. ಅವರು ಬೇಡವೆಂದರೆ ಈ ಪತ್ರದಲ್ಲಿ ನಾನು ಬರೆದುದೆಲ್ಲ ವ್ಯರ್ಥ, ವ್ಯರ್ಥವಾದರೂ ಚಿಂತೆಯಿಲ್ಲ. ಒಪ್ಪಿದರೆ ಲಿಖಿತವಾಗಿ ಒಪ್ಪಿಗೆ ಪಡೆಯಿರಿ. ಆಗಲೇ ಆ ಡಿಸ್ಚಾರ್ಜ್ ಬುಕ್ಕನ್ನು ತೆಗೆದು ತೋರಿಸುವಂತೆ ಕೇಳಿ. ಫಲಕದಲ್ಲಿ ಅವರ ಹೆಸರನ್ನು ಯಾವ ಕಾಗುಣಿತದಲ್ಲಿ ಬರೆಸಬೇಕು, ಅವರು ಹೇಗೆ ರುಜು ಹಾಕುತ್ತಿದ್ದರು ಎಂಬುದನ್ನು ಅವರಿಂದಲೇ ಬರೆಸಿಕೊಂಡು ಬನ್ನಿ.